ಜಪಾನಿನ ಮಾರುಕಟ್ಟೆ, ಅಂಗಡಿ, ಊಟದ ಮನೆ: ಹೋಗುವ ಮುನ್ನ ತಿಳಿದಿರಬೇಕಾದ ಒಳಗಿನ ಕ್ರಮ

ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ನೇರ ವಿಮಾನವಿದೆ. 2024ರ ಏಪ್ರಿಲ್‌ನಿಂದ ಭಾರತೀಯ ಪ್ರವಾಸಿಗರಿಗೆ ಇ-ವೀಸಾ ಸಿಗುತ್ತಿದೆ. ಕೆಲವು ವರ್ಷಗಳಿಂದ ಯೆನ್‌ನ ಮೌಲ್ಯ ಕುಸಿದಿರುವುದರಿಂದ, ಒಂದು ಕಾಲಕ್ಕೆ ಕೈಗೆಟುಕದ ದೇಶವೆನಿಸಿದ್ದ ಜಪಾನಿನಲ್ಲಿ ಈಗ ಸಾಧಾರಣ ಆದಾಯದ ಕುಟುಂಬವೂ ಒಂದು ವಾರ ಸುತ್ತಿ ಬರುವ ಲೆಕ್ಕ ಹಾಕುತ್ತಿದೆ. 2024ರಲ್ಲಿ ಭಾರತದಿಂದ ಅಲ್ಲಿಗೆ ಹೋದವರ ಸಂಖ್ಯೆ 2 ಲಕ್ಷವನ್ನು ದಾಟಿತು.

ಹೀಗೆ ಹೊರಡುವವರು ಬುಲೆಟ್ ರೈಲಿನ ಪಾಸು, ಫೂಜಿ ಪರ್ವತ ಕಾಣುವ ಊರು, ಚೆರ್ರಿ ಹೂವಿನ ಕಾಲ ಇವನ್ನೆಲ್ಲ ತಿಂಗಳುಗಟ್ಟಲೆ ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಊಟದ ವಿಷಯ ಬಂದಾಗ ಮಾತ್ರ ಇಬ್ಬಗೆಯ ಸಲಹೆಗಳಷ್ಟೇ ಕಿವಿಗೆ ಬೀಳುತ್ತವೆ. 'ಅಲ್ಲಿ ಏನು ತಿಂದರೂ ಚೆನ್ನ' ಎನ್ನುವವರು ಒಂದು ಕಡೆ, 'ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ' ಎನ್ನುವವರು ಇನ್ನೊಂದು ಕಡೆ. ಇವೆರಡಕ್ಕಿಂತ ಉಪಯುಕ್ತವಾದದ್ದು, ಅಲ್ಲಿನ ಮಾರುಕಟ್ಟೆ ಮತ್ತು ಅಂಗಡಿಗಳು ಹೇಗೆ ನಡೆಯುತ್ತವೆ ಎಂಬ ತಿಳಿವಳಿಕೆ. ಜಪಾನಿನಲ್ಲಿ ಆಹಾರ ಮಾರುವ ಪ್ರತಿಯೊಂದು ಬಗೆಯ ಜಾಗಕ್ಕೂ ತನ್ನದೇ ವೇಳೆ, ತನ್ನದೇ ಗಿರಾಕಿ, ತನ್ನದೇ ನಡಾವಳಿ ಇದೆ. ಅದು ಗೊತ್ತಿದ್ದರೆ ಭಾಷೆ ಬಾರದಿದ್ದರೂ ಕೆಲಸ ಸಾಗುತ್ತದೆ. ಎಲ್ಲವನ್ನೂ ಬಡಿಸುವ ಹೋಟೆಲಿಗಿಂತ ಒಂದೇ ಪದಾರ್ಥವನ್ನು ತಲೆಮಾರುಗಳಿಂದ ಮಾಡಿ ಮಾರುವ ಚಿಕ್ಕ ಅಂಗಡಿಯೇ ಪ್ರವಾಸಿಗೆ, ಅದರಲ್ಲೂ ಸಸ್ಯಾಹಾರಿ ಪ್ರವಾಸಿಗೆ, ಹೆಚ್ಚು ಅನುಕೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಮಾರುಕಟ್ಟೆ ಎಂದರೆ ಯಾವ ಮಾರುಕಟ್ಟೆ?

ಪ್ರವಾಸಿ ಕೈಪಿಡಿಗಳಲ್ಲಿ 'ಮಾರುಕಟ್ಟೆ' ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಬಗೆಯ ಜಾಗಗಳು ಬರುತ್ತವೆ. ಮೊದಲನೆಯದು ಸಗಟು ಮಾರುಕಟ್ಟೆ. ಇಲ್ಲಿ ಪರವಾನಗಿ ಪಡೆದ ವ್ಯಾಪಾರಿಗಳು ನಸುಕಿನಲ್ಲಿ ಹರಾಜು ಕೂಗುತ್ತಾರೆ, ಸಾಮಾನ್ಯರು ಕೊಳ್ಳುವಂತಿಲ್ಲ. ಎರಡನೆಯದು ಸಗಟು ಮಾರುಕಟ್ಟೆಯ ಸುತ್ತ ಬೆಳೆದ ಚಿಲ್ಲರೆ ಅಂಗಡಿಗಳ ಬೀದಿಗಳು. ಮೂರನೆಯದು 'ಅಸಾಯಿಚಿ' ಎಂಬ ಬೆಳಗಿನ ಸಂತೆ. ನಾಲ್ಕನೆಯದು 'ಶೊತೆಂಗೈ' ಎಂಬ ಬಡಾವಣೆಯ ಪೇಟೆಬೀದಿ. ಯಾವುದಕ್ಕೆ ಹೋಗುತ್ತಿದ್ದೇವೆ ಎಂಬುದು ತಿಳಿಯದೆ ಹೋದರೆ, ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಸಂಭವವೇ ಹೆಚ್ಚು.

ಟೋಕಿಯೊದ ತ್ಸುಕಿಜಿ ಇದಕ್ಕೆ ಒಳ್ಳೆಯ ಉದಾಹರಣೆ. ನಗರದ ಹಳೆಯ ಮೀನು ಮಾರುಕಟ್ಟೆ ನಿಹೊಂಬಾಶಿ ಸೇತುವೆಯ ಬಳಿ ಇತ್ತು. 1923ರ ಭೂಕಂಪದಲ್ಲಿ ಅದು ನಾಶವಾದ ಮೇಲೆ, 1935ರಲ್ಲಿ ತ್ಸುಕಿಜಿಯಲ್ಲಿ ಹೊಸ ಸಗಟು ಮಾರುಕಟ್ಟೆ ತೆರೆಯಿತು. ಎಂಬತ್ತಕ್ಕೂ ಹೆಚ್ಚು ವರ್ಷ ಅಲ್ಲಿ ನಡೆದ ಹರಾಜು 2018ರ ಅಕ್ಟೋಬರ್‌ನಲ್ಲಿ, ಎರಡು ಕಿಲೋಮೀಟರಿಗೂ ಸ್ವಲ್ಪ ಆಚೆಯ ತೊಯೊಸು ಎಂಬಲ್ಲಿಗೆ ಸ್ಥಳಾಂತರಗೊಂಡಿತು. ಸ್ಥಳ ಬದಲಿಸಿದ್ದು ಸಗಟು ಭಾಗ ಮಾತ್ರ. ಅದರ ಹೊರವಲಯದಲ್ಲಿ ಬೆಳೆದಿದ್ದ ಚಿಲ್ಲರೆ ಅಂಗಡಿಗಳು ತ್ಸುಕಿಜಿಯಲ್ಲೇ ಉಳಿದವು. ಆದ್ದರಿಂದ ಟ್ಯೂನಾ ಮೀನಿನ ಹರಾಜನ್ನು ನೋಡಬೇಕೆನ್ನುವವರು ತೊಯೊಸುವಿಗೆ ಹೋಗಬೇಕು. ಹತ್ತಿರದ ವೀಕ್ಷಣಾ ಜಾಗಕ್ಕೆ ಲಾಟರಿಯ ಮೂಲಕ ಮುಂಚಿತವಾಗಿ ಅನುಮತಿ ಪಡೆಯಬೇಕು. ಒಣಗಿಸಿದ ಕಡಲಪಾಚಿ, ಹಸಿರು ಚಹಾ, ಚಾಕು, ಪಿಂಗಾಣಿ ಬಟ್ಟಲು, ಕಡ್ಡಿಗೆ ಚುಚ್ಚಿದ ಮೊಟ್ಟೆಯ ದೋಸೆಸುರುಳಿ ಇವೆಲ್ಲ ಬೇಕಿದ್ದವರಿಗೆ ತ್ಸುಕಿಜಿಯೇ ಸರಿ. ಎರಡೂ ಕಡೆ ಬೆಳಗಿನ ಹೊತ್ತೇ ವ್ಯಾಪಾರದ ಹೊತ್ತು; ಮಧ್ಯಾಹ್ನ ಎರಡರ ಹೊತ್ತಿಗೆ ತ್ಸುಕಿಜಿಯ ಅಂಗಡಿಗಳು ಒಂದೊಂದಾಗಿ ಮುಚ್ಚತೊಡಗುತ್ತವೆ. ಭಾನುವಾರ ಮತ್ತು ಹಲವು ಬುಧವಾರಗಳು ಸಗಟು ಮಾರುಕಟ್ಟೆಗೆ ರಜೆ. ಹೊರಗಿನ ಅನೇಕ ಅಂಗಡಿಗಳೂ ಅದೇ ಪಂಚಾಂಗವನ್ನು ಅನುಸರಿಸುತ್ತವೆ.

ಬೆಳಗಿನ ಸಂತೆಗಳ ಪೈಕಿ ಪರ್ವತ ಪ್ರದೇಶದ ತಕಯಾಮಾ ಊರಿನದು ನೋಡುವಂಥದ್ದು. ಮಿಯಾಗಾವಾ ಹೊಳೆಯ ದಂಡೆಯಲ್ಲಿ ಸುತ್ತಲಿನ ಹಳ್ಳಿಗಳ ರೈತರು, ಹೆಚ್ಚಿನವರು ಹೆಂಗಸರು, ತಾವು ಬೆಳೆದ ತರಕಾರಿ, ಹಣ್ಣು, ಮನೆಯಲ್ಲಿ ಹಾಕಿದ ಉಪ್ಪಿನಕಾಯಿ ಇಟ್ಟುಕೊಂಡು ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸಂತೆ ಮುಗಿದಿರುತ್ತದೆ. ಹಳೆಯ ಕೈಪಿಡಿಗಳಲ್ಲಿ ಇದರ ಜೊತೆಗೇ ಹೊಗಳಿರುವ ವಜಿಮಾದ ಬೆಳಗಿನ ಸಂತೆಯ ಬೀದಿ 2024ರ ಜನವರಿ 1ರ ನೊತೊ ಭೂಕಂಪದ ನಂತರದ ಬೆಂಕಿಯಲ್ಲಿ ಸುಟ್ಟುಹೋಯಿತು ಎಂಬುದನ್ನು ಗಮನದಲ್ಲಿಡಬೇಕು. ಅಲ್ಲಿನ ವ್ಯಾಪಾರಿಗಳು ಆಮೇಲೆ ಬೇರೆ ಊರುಗಳಲ್ಲಿ ಸಂತೆ ಹೂಡಿ ಜೀವನ ಸಾಗಿಸಿದ್ದಾರೆ.

ನಿಶಿಕಿ: ಕ್ಯೋಟೊ ನಗರದ ಅಡುಗೆಮನೆ

ಒಂದೇ ಒಂದು ಮಾರುಕಟ್ಟೆಯನ್ನು ಸಾವಕಾಶವಾಗಿ ನೋಡಲು ಸಾಧ್ಯವಿದ್ದರೆ ನಾನು ಕ್ಯೋಟೊದ ನಿಶಿಕಿಯನ್ನು ಸೂಚಿಸುತ್ತೇನೆ. ಇದು ಸುಮಾರು 390 ಮೀಟರ್ ಉದ್ದದ, ಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಚಾವಣಿ ಹೊದ್ದ ಕಿರಿದಾದ ಓಣಿ. ಎರಡೂ ಬದಿ ನೂರಕ್ಕೂ ಹೆಚ್ಚು ಅಂಗಡಿಗಳಿವೆ. 1615ರಲ್ಲಿ ಮೀನಿನ ಸಗಟು ವ್ಯಾಪಾರಕ್ಕೆ ಇಲ್ಲಿ ಅಧಿಕೃತ ಪರವಾನಗಿ ದೊರೆಯಿತು. ಸಮುದ್ರದಿಂದ ದೂರವಿರುವ ಕ್ಯೋಟೊದಲ್ಲಿ ಮೀನಿನ ಮಾರುಕಟ್ಟೆ ಬೆಳೆದದ್ದು ಹೇಗೆ ಎಂದರೆ, ಈ ಓಣಿಯ ಕೆಳಗೆ ವರ್ಷವಿಡೀ ತಣ್ಣಗಿರುವ ಅಂತರ್ಜಲವಿದೆ. ಶೈತ್ಯಪೆಟ್ಟಿಗೆ ಇಲ್ಲದ ಕಾಲದಲ್ಲಿ ಆ ಬಾವಿಗಳ ನೀರೇ ಮೀನನ್ನೂ ಸೋಯಾ ಹಾಲಿನಿಂದ ಮಾಡಿದ ತೋಫುವನ್ನೂ ಕಾಪಾಡುತ್ತಿತ್ತು. ಓಣಿಯ ಪೂರ್ವದ ತುದಿಯಲ್ಲಿರುವ ನಿಶಿಕಿ ತೆನ್ಮಾಂಗು ಗುಡಿಯಲ್ಲಿ ಆ ನೀರು ಈಗಲೂ ಹರಿಯುತ್ತದೆ, ಜನ ಕುಡಿಯುತ್ತಾರೆ.

ಬಣ್ಣಬಣ್ಣದ ಹುಂಜಗಳ ಚಿತ್ರಗಳಿಂದ ಹೆಸರಾದ ಇತೊ ಜಾಕುಚು ಎಂಬ ಚಿತ್ರಕಾರ 1716ರಲ್ಲಿ ಹುಟ್ಟಿದ್ದು ಇದೇ ಬೀದಿಯ ತರಕಾರಿ ಸಗಟು ವ್ಯಾಪಾರಿಯ ಮನೆಯಲ್ಲಿ. 1770ರ ದಶಕದ ಆರಂಭದಲ್ಲಿ ಮಾರುಕಟ್ಟೆ ಮುಚ್ಚುವ ಪ್ರಸಂಗ ಬಂದಾಗ ಆತ ಕುಂಚ ಬದಿಗಿಟ್ಟು ಅದನ್ನು ಉಳಿಸಲು ಓಡಾಡಿದ. 1927ರಲ್ಲಿ ಜಪಾನಿನ ಮೊತ್ತಮೊದಲ ಕೇಂದ್ರೀಯ ಸಗಟು ಮಾರುಕಟ್ಟೆ ಕ್ಯೋಟೊದಲ್ಲೇ ತೆರೆದಾಗ ಸಗಟು ವ್ಯಾಪಾರ ಅತ್ತ ಸರಿಯಿತು, ನಿಶಿಕಿ ಕ್ರಮೇಣ ಇಂದಿನಂತೆ ಚಿಲ್ಲರೆ ಅಂಗಡಿಗಳ ಬೀದಿಯಾಯಿತು.

ಇಲ್ಲಿ ಏನನ್ನು ನೋಡಬೇಕು? ಮೊದಲಿಗೆ, ಕ್ಯೋಟೊದ ಸ್ಥಳೀಯ ತರಕಾರಿಗಳನ್ನು. ಕಾಮೊ ಬದನೆ ಚೆಂಡಿನಂತೆ ದುಂಡಗೆ, ಕಪ್ಪಗೆ, ಎರಡು ಕೈಗಳಲ್ಲಿ ಹಿಡಿಯುವಷ್ಟು ದಪ್ಪಗೆ ಇರುತ್ತದೆ. ನಂತರ ಉಪ್ಪಿನಕಾಯಿ ಅಂಗಡಿಗಳನ್ನು. ಇಲ್ಲಿನ ಉಪ್ಪಿನಕಾಯಿಗೆ ಎಣ್ಣೆ, ಸಾಸಿವೆ, ಮೆಣಸಿನಪುಡಿಯ ಮಸಾಲೆ ಇರುವುದಿಲ್ಲ. ಉಪ್ಪು, ಕಾಲ ಮತ್ತು ಹುಳಿಯುವಿಕೆ ಇವೇ ಅದನ್ನು ಮಾಡುತ್ತವೆ. ಬದನೆಕಾಯಿಯನ್ನು ಕೆಂಪು ಶಿಸೊ ಎಲೆಯೊಡನೆ ಹುದುಗಿಸಿದ 'ಶಿಬಾಜುಕೆ' ನೇರಳೆ ಬಣ್ಣದ್ದು. ಕೇವಲ ಉಪ್ಪಿನಲ್ಲಿ ಹುಳಿ ಬರಿಸಿದ ಟರ್ನಿಪ್ ಗಡ್ಡೆ 'ಸುಗುಕಿ'. ಚಳಿಗಾಲದಲ್ಲಿ ಬರುವ 'ಸೆನ್ಮಾಯಿಜುಕೆ'ಗೆ ದೊಡ್ಡ ಟರ್ನಿಪ್ ಗಡ್ಡೆಯನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆಚ್ಚಿ ಕಡಲಪಾಚಿಯೊಂದಿಗೆ ಪದರಪದರವಾಗಿ ಇಡುತ್ತಾರೆ. ಚಾಕು ಬೇಕಾದವರಿಗೆ 1560ರಲ್ಲಿ ಸ್ಥಾಪನೆಯಾದ ಅರಿತ್ಸುಗು ಅಂಗಡಿ ಇದೇ ಓಣಿಯಲ್ಲಿದೆ. ಹತ್ತು ಗಂಟೆಯ ಸುಮಾರಿಗೆ ಹೋದರೆ ಊರಿನವರು ಕೊಳ್ಳುವುದನ್ನು ಕಾಣಬಹುದು. ಮಧ್ಯಾಹ್ನದ ಮೇಲೆ ಪ್ರವಾಸಿಗಳ ನೂಕುನುಗ್ಗಲು, ಸಂಜೆ ಐದು ಆರಕ್ಕೆ ಬಹುಪಾಲು ಅಂಗಡಿಗಳು ಮುಚ್ಚುತ್ತವೆ.

ನಡೆಯುತ್ತಾ ತಿನ್ನಬೇಡಿ ಎನ್ನುವುದೇಕೆ?

ನಿಶಿಕಿಯಲ್ಲಿ ಹಲವೆಡೆ 'ನಡೆಯುತ್ತಾ ತಿನ್ನಬೇಡಿ' ಎಂಬ ಫಲಕಗಳಿವೆ. ಟೋಕಿಯೊ ಬಳಿಯ ಕಾಮಾಕುರಾ ನಗರವು 2019ರಲ್ಲಿ ಇತರರಿಗೆ ತೊಂದರೆಯಾಗುವಂತೆ ನಡೆಯುತ್ತಾ ತಿನ್ನುವುದನ್ನು ಬಿಡಬೇಕೆಂದು ನಿಯಮವನ್ನೇ ಮಾಡಿತು, ದಂಡವಿಲ್ಲದಿದ್ದರೂ. ಕಾರಣ ಸರಳವಾದದ್ದು. ಓಣಿ ಕಿರಿದು, ಸರಕು ಬಿಚ್ಚಿಟ್ಟಿರುತ್ತದೆ, ಸಾಸ್ ಹನಿದರೆ ಇನ್ನೊಬ್ಬರ ಬಟ್ಟೆ ಅಥವಾ ಅಂಗಡಿಯ ಮಾಲು ಹಾಳು. ಅದರ ಮೇಲೆ ರಸ್ತೆಯಲ್ಲಿ ಕಸದ ಬುಟ್ಟಿಗಳೇ ಇಲ್ಲ ಎನ್ನುವಷ್ಟು ಕಡಿಮೆ. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ಸರೀನ್ ವಿಷಾನಿಲದ ದಾಳಿ ನಡೆದ ಮೇಲೆ ಭದ್ರತೆಗಾಗಿ ಸಾರ್ವಜನಿಕ ಸ್ಥಳಗಳಿಂದ ತೆಗೆದ ಬುಟ್ಟಿಗಳಲ್ಲಿ ಹೆಚ್ಚಿನವು ಮರಳಿ ಬರಲಿಲ್ಲ.

ಹಾಗಾದರೆ ತಿನ್ನುವುದು ಎಲ್ಲಿ? ಕೊಂಡ ಅಂಗಡಿಯ ಮುಂದೆಯೇ, ಬದಿಗೆ ಸರಿದು ನಿಂತು. ಹಲವು ಅಂಗಡಿಗಳು ಒಳಗೆ ಪುಟ್ಟ ಮೂಲೆಯೊಂದನ್ನು ಇದಕ್ಕೆಂದೇ ಬಿಟ್ಟಿರುತ್ತವೆ. ತಿಂದ ಮೇಲೆ ಕಡ್ಡಿ, ಕಾಗದವನ್ನು ಆ ಅಂಗಡಿಯವರ ಕೈಗೇ ಕೊಡಬಹುದು, ಅವರು ತೆಗೆದುಕೊಳ್ಳುತ್ತಾರೆ. ಪಕ್ಕದ ಅಂಗಡಿಯ ತಿಂಡಿಯನ್ನು ತಂದು ಇನ್ನೊಂದರ ಮುಂದೆ ನಿಂತು ತಿನ್ನುವುದು ಮಾತ್ರ ಸಲ್ಲದು. ಹೊರಟಾಗ ಕೈಚೀಲದಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡರೆ ದಿನದ ಕಸವನ್ನು ಹೋಟೆಲ್ ಕೋಣೆಗೆ ಒಯ್ಯಲು ಆಗುತ್ತದೆ.

ಪೇಟೆಬೀದಿಯ ತೋಫು ಅಂಗಡಿ

ಶೊತೆಂಗೈ ಎಂದರೆ ರೈಲು ನಿಲ್ದಾಣದ ಆಸುಪಾಸಿನಲ್ಲಿ ಬಡಾವಣೆಯ ಜನರಿಗಾಗಿ ಬೆಳೆದ ಅಂಗಡಿಗಳ ಸಾಲು. ಒಸಾಕಾದ ತೆಂಜಿಂಬಾಶಿ-ಸುಜಿ ಸುಮಾರು 2.6 ಕಿಲೋಮೀಟರ್ ಉದ್ದವಾಗಿದ್ದು ಜಪಾನಿನಲ್ಲೇ ಅತಿ ಉದ್ದದ ಶೊತೆಂಗೈ ಎನಿಸಿದೆ. ಟೋಕಿಯೊದ ಯಾನಾಕಾ ಗಿಂಜಾ ಚಿಕ್ಕದು, ಹಳೆಯ ಕಾಲದ್ದು. ಉಎನೊ ಬಳಿಯ ಅಮೆಯೊಕೊ ಯುದ್ಧಾನಂತರದ ಕಾಳಸಂತೆಯಿಂದ ಬೆಳೆದ ಬೀದಿ. ಅಲ್ಲಿ ಕೂಗಿ ಮಾರುತ್ತಾರೆ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಏಷ್ಯಾದ ನಾನಾ ದೇಶಗಳ ಮಸಾಲೆ, ಸೊಪ್ಪು ಸಿಗುತ್ತವೆ.

ಇಂಥ ಬೀದಿಗಳಲ್ಲಿ ತೋಫು ಅಂಗಡಿಯೊಂದನ್ನು ಹುಡುಕಿ ಎರಡು ನಿಮಿಷ ನಿಂತು ನೋಡುವುದು ಒಳ್ಳೆಯದು. ಹಿಂದಿನ ರಾತ್ರಿ ನೆನೆಹಾಕಿದ ಸೋಯಾ ಕಾಳನ್ನು ನಸುಕಿನಲ್ಲಿ ರುಬ್ಬಿ, ಕುದಿಸಿ, ಬಟ್ಟೆಯಲ್ಲಿ ಸೋಸುತ್ತಾರೆ. ಸೋಸಿದ್ದು ಸೋಯಾ ಹಾಲು, ಬಟ್ಟೆಯಲ್ಲಿ ಉಳಿದ ಚರಟ 'ಒಕಾರಾ'. ಹಾಲಿಗೆ 'ನಿಗಾರಿ' ಬೆರೆಸುತ್ತಾರೆ. ಇದು ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ, ಮುಖ್ಯವಾಗಿ ಮೆಗ್ನೀಶಿಯಂ ಕ್ಲೋರೈಡ್ ಇರುವ ಕಹಿ ದ್ರವ. ಅದರಿಂದ ಹಾಲು ಗಟ್ಟಿಯಾಗುತ್ತದೆ. ಬಟ್ಟೆ ಹಾಸಿದ ಅಚ್ಚಿನಲ್ಲಿ ಒತ್ತಿ ನೀರು ಬಸಿದದ್ದು ಗಟ್ಟಿಯಾದ 'ಮೊಮೆನ್' ತೋಫು. ಒತ್ತದೆ ಹಾಗೆಯೇ ಗಟ್ಟಿಗೊಳಿಸಿದ್ದು ನುಣುಪಾದ 'ಕಿನುಗೊಶಿ'. ತೆಳ್ಳಗೆ ಹೆಚ್ಚಿ ಕರಿದದ್ದು 'ಅಬುರಾಗೆ', ದಪ್ಪ ತುಂಡನ್ನು ಕರಿದದ್ದು 'ಅತ್ಸುಆಗೆ'. ಆಗಷ್ಟೇ ಬಾಣಲೆಯಿಂದ ತೆಗೆದ ಅತ್ಸುಆಗೆ ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ. ಮೇಲೆ ನಾಲ್ಕು ಹನಿ ಸೋಯಾ ಸಾಸ್ ಬಿದ್ದರೆ ಅದೇ ಒಂದು ಉಪಾಹಾರ.

ಒಂದೇ ಪದಾರ್ಥದ ಅಂಗಡಿ ಏಕೆ ಅನುಕೂಲ ಎಂದು ಇಲ್ಲಿ ಕಾಣುತ್ತದೆ. ಮಾರುವಾತನೇ ಅದನ್ನು ಮಾಡಿದವನು. ಒಳಗೆ ಏನಿದೆ, ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿದರೆ ಆತನಿಗೆ ಉತ್ತರ ಗೊತ್ತು. ಹತ್ತಾರು ಬಗೆಯ ಊಟ ಬಡಿಸುವ ಹೋಟೆಲಿನಲ್ಲಿ ಮೇಜಿನ ಬಳಿ ಬಂದು ನಿಂತ ಹುಡುಗನಿಗೆ, ಅಡುಗೆಮನೆಗೆ ಡಬ್ಬಿಯಲ್ಲಿ ಬಂದ ಸಾಸಿನೊಳಗೆ ಏನಿದೆ ಎಂಬುದು ತಿಳಿದಿರುವುದು ಕಷ್ಟ.

ದಾಶಿ: ಕಣ್ಣಿಗೆ ಕಾಣದ ಮೀನು

ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ಎದುರಾಗುವ ತೊಡಕಿನ ಮೂಲ 'ದಾಶಿ' ಎಂಬ ಸಾರ. ಒಬ್ಬಟ್ಟಿನ ಸಾರಿಗೆ ಬೇಳೆಯ ಕಟ್ಟು ಹೇಗೋ ಜಪಾನಿನ ಅಡುಗೆಗೆ ದಾಶಿ ಹಾಗೆ: ತಟ್ಟೆಯಲ್ಲಿ ಬೇಳೆ ಕಾಣುವುದಿಲ್ಲ, ಆದರೆ ಅದಿಲ್ಲದೆ ಸಾರೇ ಇಲ್ಲ. ಸಾಮಾನ್ಯವಾದ ದಾಶಿಯನ್ನು ಎರಡು ಪದಾರ್ಥಗಳಿಂದ ತೆಗೆಯುತ್ತಾರೆ. ಒಂದು 'ಕೊಂಬು' ಎಂಬ ದಪ್ಪ ಕಡಲಪಾಚಿ. ಇನ್ನೊಂದು 'ಕತ್ಸುವೊಬುಶಿ', ಅಂದರೆ ಟ್ಯೂನಾ ಬಳಗದ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಮರದ ತುಂಡಿನಷ್ಟು ಗಟ್ಟಿಯಾಗುವಂತೆ ಒಣಗಿಸಿ ತೆಳ್ಳಗೆ ಹೆರೆದ ಚಕ್ಕೆ.

1908ರಲ್ಲಿ ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞರು ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಶಿಂತಾರೊ ಅವರು ಒಣಮೀನಿನಲ್ಲಿ ಇನೊಸಿನೇಟ್ ಇದೆಯೆಂದು ತೋರಿಸಿದರು. ಇವೆರಡೂ ಸೇರಿದಾಗ ರುಚಿ ಒಂದಕ್ಕೊಂದು ಕೂಡಿದ್ದಕ್ಕಿಂತ ಎಷ್ಟೋ ಹೆಚ್ಚು ಗಾಢವಾಗುತ್ತದೆ. ಆದ್ದರಿಂದಲೇ ಅಡುಗೆಯವರು ಮೀನಿನ ಚಕ್ಕೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಹುದುಗಿಸಿದ ಸೋಯಾ ಮುದ್ದೆಯಿಂದ ಮಾಡುವ ಮೀಸೊ ಸಾರು, ಉದೊನ್ ಮತ್ತು ಸೊಬಾ ಶಾವಿಗೆಯ ರಸ, ಬೇಯಿಸಿದ ತರಕಾರಿ, ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರಾಕ್ಕೆ ಕೊಡುವ ಅದ್ದುರಸ, ಸಿಹಿಯಾದ ತೋಫು ಚೀಲದಲ್ಲಿ ಅನ್ನ ತುಂಬಿದ ಇನಾರಿಜುಶಿ, ಇವೆಲ್ಲದರಲ್ಲೂ ಸಾಮಾನ್ಯವಾಗಿ ದಾಶಿ ಇರುತ್ತದೆ. 'ಮಾಂಸವಿಲ್ಲ' ಎಂದು ಹೇಳಿ ಕೊಟ್ಟವರು ಸುಳ್ಳು ಹೇಳಿರುವುದಿಲ್ಲ. ಅಲ್ಲಿ ಅನೇಕರ ಮನಸ್ಸಿನಲ್ಲಿ ದಾಶಿ ಮೀನಿನ ಲೆಕ್ಕಕ್ಕೆ ಬರುವುದೇ ಇಲ್ಲ. 'ಅದನ್ನು ತೆಗೆದು ಮಾಡಿಕೊಡಿ' ಎಂದರೆ ಆಗದು ಎನ್ನುವುದೂ ಒರಟುತನದಿಂದಲ್ಲ. ದೊಡ್ಡ ಪಾತ್ರೆಯಲ್ಲಿ ಮುಂಜಾನೆಯೇ ಸಿದ್ಧವಾದ ದಾಶಿಯಿಂದ ಎಲ್ಲ ಅಡುಗೆಯೂ ಆಗಿರುತ್ತದೆ; ಒಬ್ಬರಿಗಾಗಿ ಅದನ್ನು ಹೊರತೆಗೆಯುವ ದಾರಿ ಇರುವುದಿಲ್ಲ.

ಪೊಟ್ಟಣದ ಹಿಂದಿನ ಅಲರ್ಜಿ ಪಟ್ಟಿಯನ್ನು ನಂಬಿ ಕೊಳ್ಳುವುದರಲ್ಲೂ ಒಂದು ಅಪಾಯವಿದೆ. ಕಡ್ಡಾಯವಾಗಿ ನಮೂದಿಸಬೇಕಾದ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ, ನೆಲಗಡಲೆ, ಸಿಗಡಿ, ಏಡಿ ಇತ್ಯಾದಿ ಬರುತ್ತವೆ. ದಾಶಿಯ ಮೀನು ಅದರಲ್ಲಿಲ್ಲ. ಆದುದರಿಂದ ಫೋನಿನ ಕ್ಯಾಮೆರಾ ಅನುವಾದವನ್ನು ಹಿಡಿಯಬೇಕಾದದ್ದು ಪೂರ್ಣ ಪದಾರ್ಥಪಟ್ಟಿಯ ಮೇಲೆ. ಅಲ್ಲಿ 'ಕತ್ಸುವೊ' ಅಥವಾ ಮೀನಿನ ಸಾರ ಎಂದು ಬಂದರೆ ಬಿಡಬೇಕು. ಉಪ್ಪಿನಕಾಯಿಗೂ ಈ ಪರೀಕ್ಷೆ ಬೇಕು, ಏಕೆಂದರೆ ಕಾರ್ಖಾನೆಯಲ್ಲಿ ತಯಾರಾದ ಕೆಲವಕ್ಕೆ ಇದನ್ನು ಬೆರೆಸಿರುತ್ತಾರೆ.

ಸಸ್ಯಾಹಾರಿಗೆ ಇರುವ ದಾರಿಗಳು

ಬಾಯಿಪಾಠ ಮಾಡಿಕೊಳ್ಳಲು ಎರಡು ವಾಕ್ಯ ಸಾಕು. 'ನಿಕು ತೊ ಸಕಾನಾ ವಾ ತಬೆಮಾಸೆನ್' ಎಂದರೆ ಮಾಂಸ ಮತ್ತು ಮೀನು ತಿನ್ನುವುದಿಲ್ಲ. 'ಕತ್ಸುವೊ ದಾಶಿ ವಾ ಹೈತ್ತೆ ಇಮಾಸು ಕಾ?' ಎಂದರೆ ಮೀನಿನ ದಾಶಿ ಇದರಲ್ಲಿದೆಯೇ? ಇವನ್ನು ಜಪಾನಿ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು. ಕೇಳುವ ಮುನ್ನ 'ಸುಮಿಮಾಸೆನ್' ಎನ್ನಬೇಕು. ಕ್ಷಮಿಸಿ ಎಂಬುದಕ್ಕೂ, ಸ್ವಲ್ಪ ಇತ್ತ ನೋಡಿ ಎಂಬುದಕ್ಕೂ ಅದೇ ಮಾತು.

ಒಂದೇ ಪದಾರ್ಥದ ಅಂಗಡಿಗಳಲ್ಲಿ ಸಸ್ಯಾಹಾರಿಗೆ ಅತ್ಯಂತ ಸುಲಭವಾದದ್ದು ಸಾಂಪ್ರದಾಯಿಕ ಸಿಹಿತಿಂಡಿಯ ಅಂಗಡಿ. 'ವಾಗಾಶಿ' ಎನ್ನುವ ಈ ತಿಂಡಿಗಳ ಜೀವಾಳ ಅಕ್ಕಿ, ಸಕ್ಕರೆ ಮತ್ತು 'ಅಝುಕಿ' ಎಂಬ ಕೆಂಪು ಕಾಳು. ಇದು ಅಲಸಂದೆಯ ಕುಲಕ್ಕೆ ಸೇರಿದ್ದು. ಅಝುಕಿಯನ್ನು ಬೇಯಿಸಿ ಸಕ್ಕರೆಯೊಂದಿಗೆ ಕೆದಕಿ ಮಾಡಿದ 'ಅಂಕೊ'ವನ್ನು ಅಕ್ಕಿಹಿಟ್ಟಿನ ಮೆತ್ತನೆಯ ಹೊದಿಕೆಯಲ್ಲಿ ಇಟ್ಟರೆ ದೈಫುಕು. ಅದನ್ನೇ ಕಡಲಪಾಚಿಯಿಂದ ತೆಗೆದ ಅಗರ್‌ನೊಂದಿಗೆ ಗಟ್ಟಿಮಾಡಿ ಬರ್ಫಿಯಂತೆ ಕತ್ತರಿಸಿದರೆ ಯೋಕಾನ್. ಹೊಸ ಬಗೆಯ ಕೆಲವು ತಿಂಡಿಗಳಲ್ಲಿ ಮೊಟ್ಟೆ ಅಥವಾ ಜೆಲಟಿನ್ ಇರುತ್ತದೆ, ಕೇಳಿ ಕೊಳ್ಳಬೇಕು.

ಪೂರ್ಣ ಊಟಕ್ಕೆ 'ಶೋಜಿನ್ ರ್ಯೋರಿ' ಎಂಬ ಬೌದ್ಧ ಮಠಗಳ ಅಡುಗೆಯಿದೆ. ಇದರಲ್ಲಿ ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟು ಪದಾರ್ಥಗಳೂ ಇಲ್ಲ. ದಾಶಿಯನ್ನು ಕೊಂಬು ಮತ್ತು ಒಣಗಿಸಿದ ಶಿಯಿತಾಕೆ ಅಣಬೆಯಿಂದ ತೆಗೆಯುತ್ತಾರೆ. ಕ್ಯೋಟೊದ ಅರಶಿಯಾಮಾದಲ್ಲಿರುವ ತೆನ್ರ್ಯೂಜಿ ದೇಗುಲದ ಆವರಣದಲ್ಲಿ ಶಿಗೆತ್ಸು ಎಂಬ ಭೋಜನಶಾಲೆ ಮಧ್ಯಾಹ್ನ ಇಂಥ ಊಟ ಬಡಿಸುತ್ತದೆ. ಕೂಕಾಯಿ ಎಂಬ ಯತಿ 816ರಲ್ಲಿ ಸ್ಥಾಪಿಸಿದ ಕೋಯಾಸಾನ್ ಮಠನಗರದಲ್ಲಿ ದೇಗುಲಗಳಲ್ಲೇ ರಾತ್ರಿ ಉಳಿಯಬಹುದು. ಸಂಜೆ ಮತ್ತು ಬೆಳಗ್ಗೆ ಶೋಜಿನ್ ಊಟ, ಅದರಲ್ಲಿ ಎಳ್ಳಿನಿಂದ ಮಾಡಿದ 'ಗೊಮಾ-ದೋಫು', ಹೆಪ್ಪುಗಟ್ಟಿಸಿ ಒಣಗಿಸಿದ 'ಕೋಯಾ-ದೋಫು' ಇರುತ್ತವೆ. ಮಕ್ಕಳು ಬೇಳೆಸಾರು ಅನ್ನಕ್ಕಾಗಿ ಹಟ ಹಿಡಿದರೆ, ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಟೋಕಿಯೊದ ನಿಶಿ-ಕಸಾಯಿ ಬಡಾವಣೆಯಲ್ಲಿ ನಮ್ಮ ದಿನಸಿ ಅಂಗಡಿಗಳೂ ಹೋಟೆಲುಗಳೂ ಇವೆ.

ಊಟದ ಮನೆಯ ಬಾಗಿಲಿನಿಂದ ಬಿಲ್ಲಿನವರೆಗೆ

ಬಾಗಿಲಿಗೆ 'ನೊರೆನ್' ಎಂಬ ಬಟ್ಟೆಯ ಪರದೆ ಇಳಿಬಿಟ್ಟಿದ್ದರೆ ಅಂಗಡಿ ತೆರೆದಿದೆ ಎಂದರ್ಥ; ಒಳಗೆ ದೀಪ ಉರಿಯುತ್ತಿದ್ದರೂ ಪರದೆ ಇಲ್ಲವೆಂದರೆ ವ್ಯಾಪಾರ ಶುರುವಾಗಿಲ್ಲ ಅಥವಾ ಮುಗಿದಿದೆ. ಮಧ್ಯಾಹ್ನದ ಊಟ ಹನ್ನೊಂದೂವರೆಯಿಂದ ಎರಡರವರೆಗೆ. ಆಮೇಲೆ ಸಂಜೆ ಐದರವರೆಗೆ ಬಹಳಷ್ಟು ಚಿಕ್ಕ ಅಂಗಡಿಗಳು ಮುಚ್ಚಿರುತ್ತವೆ. ಮೂರು ಗಂಟೆಗೆ ಹಸಿದು ಹುಡುಕುತ್ತಾ ಹೊರಡುವ ನಮ್ಮ ಅಭ್ಯಾಸಕ್ಕೆ ಇದು ಒಗ್ಗುವುದಿಲ್ಲ, ಮೊದಲೇ ತಿಳಿದಿದ್ದರೆ ಒಳ್ಳೆಯದು.

ರಾಮೆನ್, ಸೊಬಾ, ಕರಿ-ಅನ್ನದ ಅನೇಕ ಅಂಗಡಿಗಳಲ್ಲಿ ಬಾಗಿಲ ಬಳಿಯೇ ಟಿಕೆಟ್ ಯಂತ್ರವಿರುತ್ತದೆ. ಮೊದಲು ಹಣ ಹಾಕಬೇಕು. ಹಾಕಿದ ಹಣಕ್ಕೆ ಸಿಗುವ ತಿಂಡಿಗಳ ಗುಂಡಿಗಳಷ್ಟೇ ಬೆಳಗುತ್ತವೆ. ಎಡಗಡೆಯ ಮೇಲ್ತುದಿಯ ಗುಂಡಿ ಸಾಮಾನ್ಯವಾಗಿ ಆ ಅಂಗಡಿಯ ಮುಖ್ಯ ತಿಂಡಿ. ಒತ್ತಿದೊಡನೆ ಚೀಟಿ ಬೀಳುತ್ತದೆ. ಚಿಲ್ಲರೆ ತಾನಾಗಿ ಬಾರದಿದ್ದರೆ ಬದಿಯ ಹಿಡಿಕೆಯನ್ನು ತಿರುಗಿಸಬೇಕು. ಚೀಟಿಯನ್ನು ಒಳಗೆ ಕೊಟ್ಟು ಕೂತರೆ ಆಯಿತು. 2024ರ ಜುಲೈ 3ರಂದು ಹೊಸ ವಿನ್ಯಾಸದ ನೋಟುಗಳು ಬಂದಿರುವುದರಿಂದ ಹಳೆಯ ಯಂತ್ರಗಳು ಕೆಲವೊಮ್ಮೆ ಅವನ್ನು ಸ್ವೀಕರಿಸುವುದಿಲ್ಲ. ನಾಣ್ಯಗಳು ಕೈಯಲ್ಲಿದ್ದರೆ ತೊಂದರೆಯಿಲ್ಲ.

ಸಂಜೆ ತೆರೆಯುವ 'ಇಝಕಾಯಾ' ಎಂಬ ಪಾನಗೃಹಗಳಲ್ಲಿ ಕೂತೊಡನೆ, ಕೇಳದಿದ್ದರೂ, ಪುಟ್ಟ ಬಟ್ಟಲಿನಲ್ಲಿ ಏನಾದರೂ ತಂದಿಡುತ್ತಾರೆ. ಇದು 'ಒತೋಶಿ', ಕುಳಿತ ಜಾಗಕ್ಕೆ ತೆಗೆದುಕೊಳ್ಳುವ ಶುಲ್ಕದ ರೂಪ, ಸಾಮಾನ್ಯವಾಗಿ ತಲೆಗೆ 300ರಿಂದ 500 ಯೆನ್. ಬಿಲ್ಲಿನಲ್ಲಿ ಇದನ್ನು ಕಂಡು ಮೋಸವಾಯಿತೆಂದು ಜಗಳ ತೆಗೆಯುವ ಪ್ರವಾಸಿಗಳಿದ್ದಾರೆ, ಅದು ಅಲ್ಲಿನ ರೂಢಿಯಷ್ಟೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತಿರಿ ಎಂದು ಹಿಂದೆ ಓಡಿಬಂದು ಮರಳಿಸುತ್ತಾರೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬಾರದು, ಕಡ್ಡಿಯಿಂದ ಕಡ್ಡಿಗೆ ತಿಂಡಿ ದಾಟಿಸಬಾರದು; ಮೊದಲನೆಯದು ಸತ್ತವರಿಗೆ ಅನ್ನ ಇಡುವ ಕ್ರಮ, ಎರಡನೆಯದು ದಹನದ ನಂತರ ಅಸ್ಥಿ ಎತ್ತುವ ಕ್ರಮ.

ಕೊಂಬಿನಿ ಮತ್ತು ನೆಲಮಾಳಿಗೆ

1974ರಲ್ಲಿ ಜಪಾನಿನ ಮೊದಲ ಸೆವೆನ್-ಇಲೆವೆನ್ ತೆರೆದದ್ದು, ಈಗ ಮೀನು ಮಾರುಕಟ್ಟೆಯಿರುವ ಅದೇ ತೊಯೊಸುವಿನಲ್ಲಿ. ಇಂದು ದೇಶದಲ್ಲಿ 'ಕೊಂಬಿನಿ' ಎನ್ನುವ ಇಂಥ ಅಂಗಡಿಗಳು 50,000ಕ್ಕೂ ಹೆಚ್ಚಿವೆ, ಬಹುಪಾಲು ಇಡೀ ರಾತ್ರಿ ತೆರೆದಿರುತ್ತವೆ. ಅಲ್ಲಿನ ಅನ್ನದ ಉಂಡೆ 'ಒನಿಗಿರಿ'ಯ ಪೊಟ್ಟಣದ ಮೇಲೆ 1, 2, 3 ಎಂದು ಗುರುತಿರುತ್ತದೆ. ಆ ಕ್ರಮದಲ್ಲೇ ಬಿಚ್ಚಿದರೆ ಬೇರೆಯಾಗಿ ಇಟ್ಟಿದ್ದ ಗರಿಗರಿ ಕಡಲಪಾಚಿ ಅನ್ನಕ್ಕೆ ಸುತ್ತಿಕೊಳ್ಳುತ್ತದೆ. ಒಳಗೆ ಹುಳಿ ಉಪ್ಪಿನಕಾಯಿಯಾದ ಉಮೆಬೊಶಿ ಇರುವುದು ಸಸ್ಯಾಹಾರಿಯ ಆಯ್ಕೆ, ಪದಾರ್ಥಪಟ್ಟಿ ಓದಿದ ಮೇಲೆ. ಸೆವೆನ್-ಇಲೆವೆನ್‌ನ ಎಟಿಎಂಗಳಲ್ಲಿ ವಿದೇಶಿ ಕಾರ್ಡಿನಿಂದ ಹಣ ತೆಗೆಯಬಹುದು.

ದೊಡ್ಡ ಬಹುಮಹಡಿ ಮಳಿಗೆಗಳ ನೆಲಮಾಳಿಗೆಯ ಆಹಾರ ವಿಭಾಗಕ್ಕೆ 'ದೆಪಾಚಿಕಾ' ಎನ್ನುತ್ತಾರೆ. ಹೆಸರಾಂತ ಸಿಹಿ ಅಂಗಡಿ, ಉಪ್ಪಿನಕಾಯಿ ಅಂಗಡಿ, ಊಟದ ಡಬ್ಬಿಯ ಅಂಗಡಿಗಳ ಚಿಕ್ಕ ಮಳಿಗೆಗಳು ಇಲ್ಲಿ ಸಾಲಾಗಿರುತ್ತವೆ. ಮುಚ್ಚುವ ಹೊತ್ತು ಹತ್ತಿರವಾದಂತೆ ಆ ದಿನ ತಯಾರಾದ ಊಟದ ಡಬ್ಬಿಗಳ ಮೇಲೆ ರಿಯಾಯಿತಿ ಚೀಟಿ ಅಂಟಿಸುತ್ತಾ ಬರುತ್ತಾರೆ; ಕೊನೆಯ ಅರ್ಧ ಗಂಟೆಯಲ್ಲಿ ಅರ್ಧ ಬೆಲೆಗೂ ಸಿಗುವುದುಂಟು.

ಹಣ ಮತ್ತು ತೆರಿಗೆ

ಕಾರ್ಡು ಈಗ ಬಹಳ ಕಡೆ ನಡೆಯುತ್ತದೆ, ಆದರೆ ಬೆಳಗಿನ ಸಂತೆ, ತೋಫು ಅಂಗಡಿ, ಹಳೆಯ ಊಟದ ಮನೆಗಳಲ್ಲಿ ನಗದೇ ಬೇಕು. ಹಣವನ್ನು ಕೈಗೆ ಕೊಡದೆ ಮುಂದಿರುವ ಪುಟ್ಟ ತಟ್ಟೆಯಲ್ಲಿ ಇಡುವುದು ಕ್ರಮ. ಬೆಲೆ ಚೌಕಾಸಿ ಸಾಮಾನ್ಯವಾಗಿ ಇಲ್ಲ. ಅಮೆಯೊಕೊದಂಥ ಬೀದಿ ಅಪವಾದ. ರೈಲಿಗೆ ಬಳಸುವ ಸುಯಿಕಾ, ಪಾಸ್ಮೊ, ಇಕೊಕಾ ಕಾರ್ಡುಗಳು ಕೊಂಬಿನಿಯಲ್ಲೂ ನಡೆಯುತ್ತವೆ. 2020ರ ಜುಲೈಯಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ಬೆಲೆ ಇದೆ, ಬಟ್ಟೆಚೀಲ ಒಯ್ಯಬೇಕು.

2019ರ ಅಕ್ಟೋಬರ್‌ನಿಂದ ಬಳಕೆ ತೆರಿಗೆ ಶೇ 10. ಮದ್ಯವನ್ನುಳಿದ ಆಹಾರ, ಪಾನೀಯವನ್ನು ಕಟ್ಟಿಸಿಕೊಂಡು ಹೋದರೆ ಶೇ 8, ಅಲ್ಲೇ ಕೂತು ತಿಂದರೆ ಶೇ 10. ಕುರ್ಚಿಗಳಿರುವ ಕೊಂಬಿನಿಯಲ್ಲಿ 'ಇಲ್ಲಿಯೇ ತಿನ್ನುತ್ತೀರಾ' ಎಂದು ಕೇಳುವುದು ಇದಕ್ಕಾಗಿ. ಬೆಲೆಫಲಕದಲ್ಲಿ ಎರಡು ಅಂಕಿಗಳಿದ್ದರೆ ದೊಡ್ಡದಾಗಿ ಬರೆದದ್ದು ಹಲವೊಮ್ಮೆ ತೆರಿಗೆಯಿಲ್ಲದ ಬೆಲೆ, ಚಿಕ್ಕ ಅಕ್ಷರದ್ದು ಕೊಡಬೇಕಾದ ಮೊತ್ತ.

ಒಂದೇ ಅಂಗಡಿಯಲ್ಲಿ ಒಂದೇ ದಿನ, ತೆರಿಗೆ ಬಿಟ್ಟು 5,000 ಯೆನ್ ಅಥವಾ ಅದಕ್ಕಿಂತ ಹೆಚ್ಚಿನ ಸಾಮಾನು ಕೊಂಡ ವಿದೇಶಿ ಪ್ರವಾಸಿಗೆ ತೆರಿಗೆ ವಿನಾಯಿತಿ ಇದೆ, ಪಾಸ್‌ಪೋರ್ಟ್ ತೋರಿಸಬೇಕು. 2026ರ ಅಕ್ಟೋಬರ್ 31ರವರೆಗಿನ ಕ್ರಮದಲ್ಲಿ ಅಂಗಡಿಯಲ್ಲೇ ತೆರಿಗೆ ಕಳೆದು ಮಾರುತ್ತಾರೆ, ತಿನ್ನುವ ಪದಾರ್ಥಗಳನ್ನು ಮುದ್ರೆ ಹಾಕಿದ ಚೀಲದಲ್ಲಿ ಕೊಡುತ್ತಾರೆ, ದೇಶ ಬಿಡುವವರೆಗೆ ಅದನ್ನು ಬಿಚ್ಚುವಂತಿಲ್ಲ. ನವೆಂಬರ್ 1ರಿಂದ ಬರುವ ಕ್ರಮದಲ್ಲಿ ಅಂಗಡಿಗೆ ತೆರಿಗೆ ಸೇರಿಸಿಯೇ ಕೊಟ್ಟು, ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಪರಿಶೀಲನೆಯ ನಂತರ ಮರುಪಾವತಿ ಪಡೆಯಬೇಕು. ಮುದ್ರೆಯ ಚೀಲದ ಕಟ್ಟುಪಾಡು ಇರುವುದಿಲ್ಲ. ಆ ಪರಿಶೀಲನೆಗೆ ಸಾಮಾನು ತೋರಿಸಬೇಕಾಗಿ ಬರಬಹುದಾದ್ದರಿಂದ ಪೆಟ್ಟಿಗೆಯನ್ನು ವಿಮಾನಕ್ಕೆ ಒಪ್ಪಿಸುವ ಮೊದಲೇ ಅದನ್ನು ಮುಗಿಸಿಕೊಳ್ಳುವುದು ಕ್ಷೇಮ. ಮೀಸೊ, ಉಪ್ಪಿನಕಾಯಿ, ತೋಫು ಇವನ್ನು ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಎಣಿಸುತ್ತಾರೆ. ಕೈಚೀಲದಲ್ಲಿದ್ದರೆ ಅಲ್ಲಿಯೇ ಬಿಟ್ಟುಬರಬೇಕಾಗುತ್ತದೆ, ಆದ್ದರಿಂದ ಅವು ದೊಡ್ಡ ಪೆಟ್ಟಿಗೆಯೊಳಗೇ ಹೋಗಬೇಕು.